ಊಟ ಬಿಟ್ಟರೂ ತೂಕ ಇಳಿಯೋದಿಲ್ಲ, ಯಾಕೆ?



"ರಾತ್ರಿ ಊಟ ಬಿಟ್ಟು ಎರಡು ತಿಂಗಳಾಯ್ತು. ಒಂದು ಕೆ.ಜಿ.ಯೂ ಇಳಿದಿಲ್ಲ. ಕದ್ದು ತಿಂತೀಯಾ ಅಂತ ಮನೆಯವರು ನಗ್ತಾರೆ." ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇಂಥ ಮಾತು ಕೇಳಿಬರುವುದುಂಟು. ಇದು ಯಾವಾಗಲೂ ಬಾಯಿಚಪಲದ ತಪ್ಪಲ್ಲ. ಕೆಲವರ ದೇಹಕ್ಕೆ ಅನ್ನ, ಮುದ್ದೆ, ಸಕ್ಕರೆಯನ್ನು ಸರಿಯಾಗಿ ಬಳಸಿಕೊಳ್ಳಲು ಆಗುವುದಿಲ್ಲ. ಅದು ಹೇಗೆಂದು ಈ ಪಾಠದಲ್ಲಿ ತಿಳಿಯೋಣ.

ದೇಹದೊಳಗೆ ಏನಾಗುತ್ತದೆ?

ಅನ್ನ, ಮುದ್ದೆ, ರೊಟ್ಟಿ, ಇಡ್ಲಿ ಇವುಗಳಲ್ಲಿ ಹೆಚ್ಚಾಗಿ ಇರುವುದು ಪಿಷ್ಟ. ಅದು ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗಿ ರಕ್ತ ಸೇರುತ್ತದೆ. ರಕ್ತದ ಸಕ್ಕರೆ ಜೀವಕೋಶದ ಒಳಗೆ ಹೋಗಲು ಇನ್ಸುಲಿನ್ ಎಂಬ ಕೀಲಿಕೈ ಬೇಕು. ಕೆಲವರಲ್ಲಿ ಬೀಗ ತುಕ್ಕು ಹಿಡಿದ ಹಾಗೆ ಆಗುತ್ತದೆ. ಆಗ ದೇಹವು ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಹೆಚ್ಚಿದ್ದಾಗ ಕೂಡಿಟ್ಟ ಕೊಬ್ಬು ಸುಲಭವಾಗಿ ಕರಗುವುದಿಲ್ಲ. ಮುಖ್ಯವಾಗಿ ಹೊಟ್ಟೆಯ ಸುತ್ತ ಬೊಜ್ಜು ಬೆಳೆಯುತ್ತದೆ. ಆ ಬೊಜ್ಜು ಬೀಗವನ್ನು ಮತ್ತಷ್ಟು ಬಿಗಿ ಮಾಡುತ್ತದೆ. ಹೀಗೇ ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆ ಬರಬಹುದು. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ಇದ್ದಾರೆ.

ಗುರುತುಗಳು

1. ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಿರುವುದು. (ಹೊಲಿಗೆಯ ಟೇಪಿನಿಂದ ಅಳೆಯಿರಿ.)
2. ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗುವುದು. ಇದು ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ.
3. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು.
4. ಬಸುರಿಯಾಗಿದ್ದಾಗ ಶುಗರ್ ಬಂದಿದ್ದುದು, ಅಥವಾ ತಾಯಿ ತಂದೆಗೆ ಸಕ್ಕರೆ ಕಾಯಿಲೆ ಇರುವುದು.

ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯ ಶುಗರ್ 100ರಿಂದ 125ರೊಳಗೆ ಇದ್ದರೆ ಅದು ಎಚ್ಚರಿಕೆಯ ಗಂಟೆ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ತಪಾಸಣೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಥೈರಾಯ್ಡ್ ತೊಂದರೆಯಿಂದಲೂ ತೂಕ ಏರಬಹುದು, ಅದನ್ನೂ ವೈದ್ಯರಲ್ಲಿ ವಿಚಾರಿಸಿ.

ನಾವು ಏನು ಮಾಡಬಹುದು?

ಉಪವಾಸ ಬಿದ್ದು ಆಮೇಲೆ ಹಸಿವು ತಡೆಯಲಾರದೆ ಎರಡು ತಟ್ಟೆ ಅನ್ನ ಉಂಡರೆ ಲಾಭವಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿ, ಆದರೆ ತಟ್ಟೆಯನ್ನು ಬದಲಾಯಿಸಿ. ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮಾತ್ರ ಅನ್ನ ಇಲ್ಲವೇ ಮುದ್ದೆ. ಮೊದಲು ಪಲ್ಯ, ಕಾಳು ತಿಂದು ಆಮೇಲೆ ಅನ್ನ ತಿಂದರೆ ಶುಗರ್ ದಿಢೀರನೆ ಏರುವುದಿಲ್ಲ. ಹುರುಳಿ, ಅಲಸಂದೆ, ನುಗ್ಗೆಸೊಪ್ಪು, ಹರಿವೆ ಇವು ದುಬಾರಿಯವಲ್ಲ.

"ರಾಗಿ ಆದ್ರೆ ಎಷ್ಟು ತಿಂದ್ರೂ ಪರವಾಗಿಲ್ಲ" ಎನ್ನುವುದು ತಪ್ಪು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಇದೆ, ಒಳ್ಳೆಯದೇ. ಆದರೆ ಅದರಲ್ಲೂ ಪಿಷ್ಟ ಬಹಳ. ಮುದ್ದೆ ಚಿಕ್ಕದಿರಲಿ. ಬೆಲ್ಲವೂ ಸಕ್ಕರೆಯ ತಂಗಿಯೇ.

ಚಹಾದ ಲೆಕ್ಕ ಹಾಕಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ ಹತ್ತು ಚಮಚ, ಸುಮಾರು 50 ಗ್ರಾಂ ಸಕ್ಕರೆ. ತಿಂಗಳಿಗೆ ಒಂದೂವರೆ ಕೆ.ಜಿ.!

ಇನ್ನೊಂದು ಮಾತು. ಮಕ್ಕಳು ಬಿಟ್ಟ ಅನ್ನ, ಪಾತ್ರೆಯಲ್ಲಿ ಉಳಿದ ಅನ್ನ ಯಾರ ಹೊಟ್ಟೆಗೆ ಹೋಗುತ್ತದೆ? ತಾಯಿಯ ಹೊಟ್ಟೆಗೆ. ಪಲ್ಯ, ಮೊಟ್ಟೆ ಮುಗಿದ ಮೇಲೆ ಉಳಿಯುವುದು ಅನ್ನ ಸಾರು ತಾನೇ? ಎಲ್ಲರ ಜೊತೆಗೆ ಕೂತು ಉಣ್ಣಿ, ನಿಮ್ಮ ಪಾಲಿನ ಪಲ್ಯ ತೆಗೆದಿಡಿ. ಅನ್ನ ಅಳತೆ ನೋಡಿ ಇಡಿ. ಇದು ಸ್ವಾರ್ಥವಲ್ಲ.

ಊಟದ ನಂತರ 10-15 ನಿಮಿಷ ನಡೆಯಿರಿ. ನಡೆಯುವಾಗ ಮಾಂಸಖಂಡಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಹೊಲಿಗೆ, ಬೀಡಿ ಕೆಲಸಕ್ಕೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ.

ತಾಳ್ಮೆ ಇರಲಿ. 70 ಕೆ.ಜಿ. ಇರುವವರು ಮೂರೂವರೆ ಕೆ.ಜಿ. ಇಳಿಸಿದರೂ ದೇಹಕ್ಕೆ ಉಪಕಾರ ಆಗುತ್ತದೆ. ತೂಕ ನಿಂತ ಕಡೆಯೇ ನಿಂತರೂ ಸೊಂಟದ ಅಳತೆ ಕಡಿಮೆಯಾದರೆ ಅದೂ ಗೆಲುವೇ.

ಎಚ್ಚರಿಕೆ: ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ಬಿಟ್ಟರೆ ಶುಗರ್ ತೀರಾ ಇಳಿದು ಅಪಾಯವಾಗಬಹುದು. ಅವರೂ, ಬಸುರಿ ಬಾಣಂತಿಯರೂ ವೈದ್ಯರನ್ನು ಕೇಳಿಯೇ ಬದಲಾವಣೆ ಮಾಡಬೇಕು. ತೂಕ ಇಳಿಸುವ ಪುಡಿ ಕೊಳ್ಳಲು ಸಂಘದಿಂದ ಸಾಲ ಎತ್ತಬೇಡಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಏನಿರುತ್ತದೆ?
2. ದಪ್ಪಗಿರುವವರನ್ನು ನಾವೂ ಗೇಲಿ ಮಾಡಿದ್ದೇವೆಯೇ?
3. ಸಂಘಕ್ಕೆ ಒಂದು ಟೇಪು ತಂದು, ಇಷ್ಟವಿದ್ದವರ ಅಳತೆಯನ್ನು ಅವರವರ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳೋಣವೇ? ಮೂರು ತಿಂಗಳ ನಂತರ ಮತ್ತೆ ಅಳೆಯೋಣ.

ಹಣದ ಉಳಿತಾಯ ಕಲಿತಿದ್ದೇವೆ. ಆರೋಗ್ಯದ ಉಳಿತಾಯವನ್ನೂ ಒಟ್ಟಿಗೇ ಕಲಿಯೋಣ.