ಕಲಿಕೆಯ ತೊಡಕು ಗುರುತಿಸುವುದು ಶಾಲೆಯ ಹೊಣೆ

ಪಾಠ ಕೇಳಿ ಬಾಯಲ್ಲಿ ಚೆನ್ನಾಗಿ ಉತ್ತರ ಹೇಳುವ ಮಗು, ಅದನ್ನೇ ಬರೆಯಲು ಕೂತರೆ ಒತ್ತಕ್ಷರ ಬಿಡುತ್ತದೆ, ‘ಪ’ ಇರಬೇಕಾದಲ್ಲಿ ‘ಷ’ ಬರೆಯುತ್ತದೆ. ಬೋರ್ಡಿನ ನಾಲ್ಕು ಸಾಲು ಇಳಿಸಿಕೊಳ್ಳುವಷ್ಟರಲ್ಲಿ ಪಿರಿಯಡ್ ಮುಗಿದಿರುತ್ತದೆ. ಮನೆಯವರು ಸೋಮಾರಿ ಅನ್ನುತ್ತಾರೆ, ಶಾಲೆಯವರು ಟ್ಯೂಷನ್ನಿಗೆ ಹಾಕಿ ಅನ್ನುತ್ತಾರೆ. ಒಂಬತ್ತನೇ ತರಗತಿಗೆ ಬಂದಮೇಲೆ ಎಸ್ಸೆಸ್ಸೆಲ್ಸಿ ಭಯಕ್ಕೆ ಆಸ್ಪತ್ರೆಯ ಓಡಾಟ ಶುರುವಾಗುತ್ತದೆ. ಮೂರನೇ ತರಗತಿಯ ಹೊತ್ತಿಗೇ ಆಗಬೇಕಿದ್ದ ಕೆಲಸವದು.

ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದು ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಓದಿಗೆ ತೊಡಕಾಗುವ ಡಿಸ್ಲೆಕ್ಸಿಯಾ, ಬರವಣಿಗೆಯ ಡಿಸ್‌ಗ್ರಾಫಿಯಾ, ಲೆಕ್ಕದ ಡಿಸ್‌ಕ್ಯಾಲ್ಕುಲಿಯಾ ಇದರಲ್ಲಿ ಸೇರುತ್ತವೆ. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ, ಕಲಿಸುವ ಕ್ರಮವನ್ನು ಅವರಿಗೆ ತಕ್ಕಂತೆ ಬದಲಿಸಬೇಕೆಂದು 16ನೇ ಸೆಕ್ಷನ್ ಹೇಳುತ್ತದೆ. ಸರ್ಕಾರಿ ಶಾಲೆಗಿರುವ ಈ ಕರ್ತವ್ಯ ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಇದೆ. ತುಂಬ ಪೋಷಕರಿಗೆ ಈ ಒಂದು ಮಾತು ಗೊತ್ತಿಲ್ಲ. ಹಾಗಾಗಿ ಶಾಲೆಯ ಮುಂದೆ ತಪ್ಪಿತಸ್ಥರಂತೆ ತಲೆ ತಗ್ಗಿಸಿ ನಿಲ್ಲುತ್ತಾರೆ.

ಮೊದಲ ಹೆಜ್ಜೆ, ಮುಖ್ಯ ಶಿಕ್ಷಕರಿಗೆ ಒಂದು ಪತ್ರ. ಮಗುವಿಗೆ ಯಾವುದು ಕಷ್ಟವಾಗುತ್ತಿದೆ, ಎಂದಿನಿಂದ, ಯಾವುದರಲ್ಲಿ ಚುರುಕಾಗಿದೆ ಎಂಬುದನ್ನು ಬರೆದು, 16ನೇ ಸೆಕ್ಷನ್ ಪ್ರಕಾರ ತಪಾಸಣೆಗೆ ಕ್ರಮ ಕೈಗೊಳ್ಳಿ ಎಂದು ಕೇಳಿ. ಇನ್ನೊಂದು ಪ್ರತಿಯ ಮೇಲೆ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಮುಂದೆ ಯಾವ ಪುರಾವೆಯೂ ಇರುವುದಿಲ್ಲ. ಸರ್ಕಾರಿ ಶಾಲೆಯಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರಿಂದ ಮಗುವನ್ನು ನೋಡಿಸಿ ಎಂದೂ ಅದೇ ಪತ್ರದಲ್ಲಿ ಬರೆಯಿರಿ.

ಹಿಂದುಳಿದ ಮಗುವಿಗೆಲ್ಲ ಕಲಿಕಾ ನ್ಯೂನತೆ ಇರುತ್ತದೆಂದೇನಿಲ್ಲ. ಕಣ್ಣು ಮಂದವಿರಬಹುದು, ಕಿವಿ ಸರಿಯಾಗಿ ಕೇಳದಿರಬಹುದು, ಗುಳೆ ಹೋದ ಮನೆಯ ಮಗು ಅರ್ಧ ವರ್ಷದ ಪಾಠವನ್ನೇ ಕಳೆದುಕೊಂಡಿರಬಹುದು. ಆದ್ದರಿಂದ ಕಣ್ಣು, ಕಿವಿಯ ಪರೀಕ್ಷೆ ಮೊದಲಾಗಬೇಕು. ಆಮೇಲೆ ಬುದ್ಧಿಮಟ್ಟದ ಮತ್ತು ಓದು, ಬರಹ, ಲೆಕ್ಕದ ಪರೀಕ್ಷೆಗಳು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕಾಗಿಯೇ ಪರೀಕ್ಷಾಮಾಲೆಯೊಂದನ್ನು ರೂಪಿಸಿದೆ. ವಿಕಲಚೇತನರ ಗುರುತಿನ ಚೀಟಿಗಾಗಿ ಇರುವ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ನಿಯೋಜಿತ ಸರ್ಕಾರಿ ಆಸ್ಪತ್ರೆ ತಪಾಸಣೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಎಳೆಯ ಮಕ್ಕಳಿಗೆ ಮುಂದೆ ಮರುತಪಾಸಣೆ ಬೇಕಾಗುವುದರಿಂದ ಪ್ರಮಾಣಪತ್ರದ ಅವಧಿ ನೋಡಿಟ್ಟುಕೊಳ್ಳಿ. ಪ್ರಮಾಣಪತ್ರ ನಿರಾಕರಿಸಿದರೆ ಅಥವಾ ಅದರಲ್ಲಿನ ನ್ಯೂನತೆಯ ಶೇಕಡಾವಾರು ತಪ್ಪೆನಿಸಿದರೆ 59ನೇ ಸೆಕ್ಷನ್ ಅಡಿ ಮೇಲ್ಮನವಿಗೆ ಅವಕಾಶವಿದೆ.

ಶೇಕಡ 40 ಮತ್ತು ಅದಕ್ಕಿಂತ ಹೆಚ್ಚು ನ್ಯೂನತೆ ಇರುವವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಮುಂದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5 ಸೀಟು ಮೀಸಲು ಇದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯ ಬಗ್ಗೆ 17ನೇ ಸೆಕ್ಷನ್ ಹೇಳುತ್ತದೆ. ಎಸ್ಸೆಸ್ಸೆಲ್ಸಿಗೆ ಈ ಕೋರಿಕೆ ಶಾಲೆಯ ಮೂಲಕವೇ ಮಂಡಳಿಗೆ ಹೋಗಬೇಕು. ಹಾಲ್ ಟಿಕೆಟ್ ಬರುವವರೆಗೆ ಕಾಯಬೇಡಿ.

ಶೇಕಡ 40 ಮುಟ್ಟಲಿಲ್ಲವೆಂದು ವಾಪಸು ಕಳಿಸಿದರೆ ಸುಮ್ಮನಾಗಬೇಕಿಲ್ಲ. ಕೈಬರಹದ ತೊಂದರೆಯಿದ್ದ ಯುವಕನೊಬ್ಬನಿಗೆ ಕೇಂದ್ರ ಲೋಕಸೇವಾ ಆಯೋಗ ಸಹಾಯಕನನ್ನು ನಿರಾಕರಿಸಿದ್ದ ಪ್ರಕರಣದಲ್ಲಿ, ಸಹಾಯಕನ ಸೌಲಭ್ಯವನ್ನು ಶೇಕಡ 40 ದಾಟಿದವರಿಗಷ್ಟೇ ಸೀಮಿತಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಇನ್ನು ತರಗತಿಯೊಳಗೆ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸುವುದಕ್ಕೆ, ಬಾಯಲ್ಲಿ ಉತ್ತರ ಹೇಳಲು ಬಿಡುವುದಕ್ಕೆ ಯಾವ ಪ್ರಮಾಣಪತ್ರವೂ ಬೇಕಿಲ್ಲ. ಆಸ್ಪತ್ರೆಯ ಪತ್ರ ಬರಲಿ ಎಂದು ಶಾಲೆ ಆರು ತಿಂಗಳು ಕೈಕಟ್ಟಿ ಕೂತರೆ ಆ ಆರು ತಿಂಗಳನ್ನು ಮಗುವಿಗೆ ಮರಳಿ ಕೊಡುವವರಿಲ್ಲ.

ಹೊಡೆಯುವುದು, ಎಲ್ಲರೆದುರು ಅವಮಾನಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. ಆದ್ದರಿಂದ ‘ಟಿ.ಸಿ. ತಗೊಂಡು ಹೋಗಿ’ ಎಂದರೆ ಅರ್ಜಿಗೆ ಸಹಿ ಹಾಕಬೇಡಿ, ಆ ಮಾತನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಶಾಲೆ ಜಗ್ಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಮುಖ್ಯ ಶಿಕ್ಷಕರಿಗೆ ಕೊಟ್ಟ ಮೊದಲ ಪತ್ರದ ಮೊಹರು ಬಿದ್ದ ಪ್ರತಿಯನ್ನು ಆ ದೂರಿನ ಜೊತೆ ಲಗತ್ತಿಸಿ.