ಹಳೆಯ ಶೇವಿಂಗ್ ಬ್ರಷ್‌ಗೆ ಹೊಸ ಕೂದಲು

ಅಜ್ಜನ ಟ್ರಂಕಿನಲ್ಲೋ ಬೆಂಗಳೂರಿನ ಸಂಡೇ ಬಜಾರಿನಲ್ಲೋ ಹಳೆಯ ಶೇವಿಂಗ್ ಬ್ರಷ್ ಸಿಕ್ಕರೆ, ಕೂದಲು ಉದುರಿದೆ ಎಂದು ಎಸೆಯಬೇಡಿ. ಕೂದಲು ಸವೆಯುವುದು ಸಹಜ. ಹಿಡಿ ಮಾತ್ರ ಹಲವು ದಶಕ ಬಾಳುತ್ತದೆ. ಅಮೆರಿಕದ ಎವರ್‌ರೆಡಿ, ರಬ್ಬರ್‌ಸೆಟ್, ಇಂಗ್ಲೆಂಡಿನಲ್ಲಿ 1919ರಲ್ಲಿ ಶುರುವಾದ ಸಿಂಪ್ಸನ್ ಮುಂತಾದ ಕಂಪನಿಗಳ ಹಳೆಯ ಹಿಡಿಗಳು ಒದ್ದೆ ಬೆರಳಿಗೂ ಜಾರದಂತೆ ಕೂರುತ್ತವೆ. ಒಂದೆರಡು ರಜಾದಿನಗಳ ತಾಳ್ಮೆ ಇದ್ದರೆ ಅಂಥ ಹಿಡಿಯನ್ನು ಮತ್ತೆ ದಿನಬಳಕೆಗೆ ತರಬಹುದು.

ಮೊದಲು ಈ ಎಚ್ಚರಿಕೆ

ಹಳೆಯ ಕೂದಲನ್ನು ತೊಳೆದು ಬಳಸುವ ಯೋಚನೆ ಬೇಡ. ಮೊದಲ ಮಹಾಯುದ್ಧದ ಕಾಲದಲ್ಲಿ ಸೋಂಕಿದ ಕುದುರೆ ಕೂದಲಿನ ಬ್ರಷ್‌ಗಳಿಂದ ಬ್ರಿಟನ್, ಅಮೆರಿಕಗಳಲ್ಲಿ ಸೈನಿಕರಿಗೂ ಜನಸಾಮಾನ್ಯರಿಗೂ ಆಂಥ್ರಾಕ್ಸ್ ತಗುಲಿತ್ತು. ನಮ್ಮಲ್ಲಿ ದನಕುರಿಗಳಿಗೆ ಬರುವ ನೆರಡಿ ರೋಗ ಇದೇ. ಇದರ ರೋಗಾಣು ಬೀಜಕದ ರೂಪದಲ್ಲಿ ದಶಕಗಳ ಕಾಲ ಬದುಕಿರಬಲ್ಲದು. ಸೋಪು ನೀರಿಗೆ ಸಾಯುವುದಿಲ್ಲ. ಅಪಾಯ ತೀರಾ ಕಡಿಮೆಯಾದರೂ ಮುಖಕ್ಕೆ ತಾಗುವ ವಸ್ತುವಿನಲ್ಲಿ ಅದನ್ನು ಮೈಮೇಲೆ ಎಳೆದುಕೊಳ್ಳುವುದೇಕೆ?

ಬೇಕಾಗುವ ಸಾಮಗ್ರಿ

ಮಾಸ್ಕ್, ಕೈಗವಸು, ಕತ್ತರಿ, ಡ್ರಿಲ್ ಮೆಷಿನ್, 400ರಿಂದ 2000 ನಂಬರಿನವರೆಗಿನ ವಾಟರ್ ಪೇಪರ್, ಲೋಹದ ಪಾಲಿಶ್, ಎರಡು ಟ್ಯೂಬಿನ ಎಪಾಕ್ಸಿ ಅಂಟು, ಸಿಂಥೆಟಿಕ್ ಕೂದಲಿನ ಹೊಸ ಕುಚ್ಚು. ಕುಚ್ಚುಗಳು ಆನ್‌ಲೈನಿನಲ್ಲಿ ಸಿಗುತ್ತವೆ.

ಹಂತ 1: ಹಿಡಿಯ ಗುರುತು

ಹತ್ತಿಗೆ ಲೋಹದ ಪಾಲಿಶ್ ಹಚ್ಚಿ ಹಿಡಿಯ ತಳದಲ್ಲಿ ಉಜ್ಜಿ. ಹತ್ತಿ ಹಳದಿಯಾದರೆ ಅದು ಸಾಮಾನ್ಯವಾಗಿ ಬೇಕಲೈಟ್ ಅಥವಾ ಕ್ಯಾಟಲಿನ್ ಎಂಬ ಹಳೆಯ ಪ್ಲಾಸ್ಟಿಕ್. ಉಗುರುಬೆಚ್ಚಗಿನ ನೀರಿಗೆ ಹಿಡಿದಾಗ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಅದು ಬೇಗ ಹೊತ್ತಿಕೊಳ್ಳುತ್ತದೆ; ಅದಕ್ಕೆ ಡ್ರಿಲ್ ಹಾಕಬೇಡಿ, ಬಿಸಿ ತಾಗಿಸಬೇಡಿ. ಮರ, ಕೊಂಬಿನ ಹಿಡಿಗಳನ್ನು ನೀರಿನಲ್ಲಿ ನೆನೆಹಾಕಬಾರದು. ಆನೆದಂತ ಎಂಬ ಅನುಮಾನ ಬಂದರೆ ಕೊಳ್ಳಲೇಬೇಡಿ. ನಮ್ಮ ದೇಶದಲ್ಲಿ ಅದರ ವ್ಯಾಪಾರ ಅಪರಾಧ.

ಹಂತ 2: ಹಳೆಯ ಕೂದಲು ತೆಗೆಯುವುದು

ಮಾಸ್ಕ್, ಕೈಗವಸು ತೊಟ್ಟು, ದೂಳು ಏಳದಂತೆ ಕೂದಲನ್ನು ಸೋಪು ನೀರಿನಲ್ಲಿ ಒದ್ದೆ ಮಾಡಿ. ಬುಡದವರೆಗೂ ಕತ್ತರಿಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಒಳಗೆ ಉಳಿದ ಬುಡ ಗಟ್ಟಿಯಾಗಿರುತ್ತದೆ. ರಬ್ಬರ್‌ಸೆಟ್ ಬ್ರಷ್‌ಗಳಲ್ಲಂತೂ ಕೂದಲಿನ ಬುಡವನ್ನು ರಬ್ಬರಿನಲ್ಲೇ ಕೂರಿಸಿರುತ್ತಾರೆ. ವಯಸ್ಸಾದ ರಬ್ಬರು ಕಲ್ಲಾಗಿರುತ್ತದೆ. ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ವೈಸ್‌ಗೆ ಕಚ್ಚಿಸಿ. ನಡುವೆ ಸಣ್ಣ ತೂತು ಕೊರೆದು, ನಿಧಾನವಾಗಿ ಅಗಲ ಮಾಡುತ್ತಾ ಹೋಗಿ. ಆಗಾಗ ನಿಲ್ಲಿಸಿ ಆರಲು ಬಿಡಿ. ಬಿಸಿಯೇರಿದರೆ ಹಿಡಿ ಸೀಳುತ್ತದೆ.

ಹಂತ 3: ಹೊಳಪು

ಇಡೀ ಕೆಲಸದಲ್ಲಿ ಮನಸ್ಸಿಗೆ ಹೆಚ್ಚು ಹಿಡಿಸುವ ಹಂತ ಇದು. ಕಂಪನಿಯ ಹೆಸರು ಬಣ್ಣದಲ್ಲಿ ಅಚ್ಚಾಗಿದ್ದರೆ ಅದರ ಮೇಲೆ ಟೇಪು ಅಂಟಿಸಿ; ಒಮ್ಮೆ ಅಳಿಸಿದರೆ ಮತ್ತೆ ಬರದು. ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿಯೇ ಉಜ್ಜಿ. ಹಳೆಯ ಬೇಕಲೈಟಿನ ಒಣ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಆಳವಾದ ಗೀರಿದ್ದರೆ 400, ಇಲ್ಲದಿದ್ದರೆ 800ರಿಂದ ಶುರು ಮಾಡಿ 2000ಕ್ಕೆ ಮುಗಿಸಿ, ಕೊನೆಗೆ ಪಾಲಿಶ್ ಹಚ್ಚಿ. ಕ್ಯಾಟಲಿನ್ ಹಿಡಿಯಾದರೆ ಉಜ್ಜುತ್ತಿದ್ದಂತೆ ನೀರು ಹಳದಿಯಾಗುತ್ತದೆ. ವರ್ಷಗಳ ಗಾಳಿ ಬೆಳಕಿಗೆ ಕಂದಿದ ಪದರ ಹೋಗಿ, ಕೆಳಗಿನ ಹಾಲುಬಣ್ಣ ಚೂರುಚೂರಾಗಿ ಇಣುಕುತ್ತದೆ. ಜೇನುಬಣ್ಣವೇ ನಿಮಗೆ ಇಷ್ಟವಾದರೆ ಬರೀ ಪಾಲಿಶ್‌ಗೆ ನಿಲ್ಲಿಸಿ.

ಹಂತ 4: ಹೊಸ ಕುಚ್ಚು

ಸಾಮಾನ್ಯ ಹಿಡಿಗೆ 20ರಿಂದ 24 ಮಿ.ಮೀ. ವ್ಯಾಸದ ಕುಚ್ಚು ಸಾಕು. ಗುಳಿ ಅದಕ್ಕಿಂತ ಅರ್ಧ ಮಿ.ಮೀ. ಅಗಲವಿರಲಿ. ಅಂಟು ಹಾಕುವ ಮೊದಲು ಕುಚ್ಚನ್ನು ಸುಮ್ಮನೆ ಕೂರಿಸಿ, ಅಂಗೈಗೆ ಒತ್ತಿ ನೋಡಿ. ಹೊರಗೆ ಕಾಣುವ ಕೂದಲು ಸುಮಾರು 50 ಮಿ.ಮೀ. ಇದ್ದರೆ ಹದ. ಇನ್ನೂ ಒಳಗಿಳಿಸಿದರೆ ಬ್ರಷ್ ಬಿರುಸಾಗುತ್ತದೆ, ಮೇಲೆತ್ತಿದರೆ ಮೆತ್ತಗಾಗುತ್ತದೆ. ಗುಳಿ ಆಳವಾಗಿದ್ದರೆ ತಳಕ್ಕೆ ಸ್ಟೀಲ್ ವಾಷರ್ ಇಟ್ಟು ಎತ್ತರ ಹೊಂದಿಸಿ. ಬಳಿಕ ತಳಕ್ಕೂ ಅಂಚಿಗೂ ಅಂಟನ್ನು ಮಿತವಾಗಿ ಸವರಿ, ಕುಚ್ಚನ್ನು ನೇರವಾಗಿ ಕೂರಿಸಿ. ಹೊರಬಂದ ಅಂಟನ್ನು ಕೂಡಲೇ ಒರೆಸಿ. 24 ಗಂಟೆ ಮುಟ್ಟಬೇಡಿ.

ಹಂತ 5: ಮೊದಲ ನೊರೆ

ಹೊಸ ಕೂದಲನ್ನು ಸೋಪಿನಿಂದ ಎರಡು ಬಾರಿ ತೊಳೆದು, ಬಟ್ಟಲಿನಲ್ಲಿ ನೊರೆ ಎಬ್ಬಿಸಿ ನೋಡಿ. ಸಿಂಥೆಟಿಕ್ ಕೂದಲನ್ನು ನೆನೆಸಿಡಬೇಕಿಲ್ಲ, ಒದ್ದೆ ಮಾಡಿದರೆ ಸಾಕು. ಪ್ರತಿಸಲ ಬಳಸಿದ ಮೇಲೆ ಸೋಪು ಪೂರ್ತಿ ಹೋಗುವಂತೆ ತೊಳೆದು, ನೀರು ಕೊಡವಿ, ಗಾಳಿಯಾಡುವ ಕಡೆ ಇಡಿ. ಒದ್ದೆಯಾಗಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ.

ಹೀಗೆ ನೋಡಿಕೊಂಡರೆ ಹೊಸ ಕುಚ್ಚು ವರ್ಷಗಟ್ಟಲೆ ಬರುತ್ತದೆ. ಅದೂ ಸವೆದ ದಿನ ಇದೇ ಹಿಡಿಗೆ ಮತ್ತೊಂದನ್ನು ಕೂರಿಸಬಹುದು. ಅಂಟನ್ನು ಮಿತವಾಗಿ ಹಾಕಿ ಎಂದದ್ದು ಅದಕ್ಕೇ: ಮುಂದೆ ಅದನ್ನು ಬಿಚ್ಚುವವರ ಕೆಲಸ ಹಗುರಾಗಲಿ.