ಮೊದಲು ಕೊಠಡಿ ನೋಡಿ, ಆಮೇಲೆ ಪಾಯಿಂಟ್ ಕೊಳ್ಳಿ

ಹೋಟೆಲ್ ಪಾಯಿಂಟ್‌ಗಳನ್ನೋ ವಿಮಾನದ ಮೈಲಿಗಳನ್ನೋ ದುಡ್ಡು ಕೊಟ್ಟು ಕೊಳ್ಳುವುದು ದಡ್ಡತನ ಎನ್ನುವವರಿದ್ದಾರೆ. ಅದರಲ್ಲೇ ಅರ್ಧ ಲೋಕ ಸುತ್ತಿ ಬಂದೆವು ಎನ್ನುವವರೂ ಇದ್ದಾರೆ. ನಾನು ಎರಡೂ ಗುಂಪಿಗೆ ಸೇರಿದವಳಲ್ಲ. ಕೊಂಡಿದ್ದೇನೆ, ಲೆಕ್ಕ ಹಾಕಿ ನೋಡಿ ಕೈಬಿಟ್ಟಿದ್ದು ಅದಕ್ಕಿಂತ ಹೆಚ್ಚು. ಯಾವ ಊರು, ಯಾವ ತಾರೀಕು ಎಂದು ನಿಶ್ಚಯವಾಗಿ, ಬೇಕಾದ ಕೊಠಡಿ ಅಥವಾ ಸೀಟು ಪಾಯಿಂಟಿಗೆ ಸಿಗುತ್ತಿದೆ ಎಂದು ಕಣ್ಣಾರೆ ಕಂಡ ಮೇಲೆ ಮಾತ್ರ ನಾನು ಕೊಳ್ಳುವುದು. ಮುಂದೆಂದಾದರೂ ಬೇಕಾದೀತು ಎಂದು ಕೊಳ್ಳುವುದಿಲ್ಲ.

ಮ್ಯಾರಿಯೆಟ್ ಹೋಟೆಲುಗಳ ಪಾಯಿಂಟ್ ಯೋಜನೆ ಬಾನ್‌ವಾಯ್ 1,000 ಪಾಯಿಂಟಿಗೆ 12.50 ಡಾಲರ್ ಕೇಳುತ್ತದೆ, ಹಿಲ್ಟನ್ 10 ಡಾಲರ್. ಈ ಪೂರ್ತಿ ಬೆಲೆಗೆ ಕೊಂಡರೆ ಸಾಮಾನ್ಯವಾಗಿ ನಷ್ಟವೇ. ಆದರೆ ವರ್ಷದಲ್ಲಿ ಹಲವು ಸಲ ಇವರು ಬೋನಸ್ ಮಾರಾಟ ಇಡುತ್ತಾರೆ. ಮ್ಯಾರಿಯೆಟ್‌ನಲ್ಲಿ ಶೇ 30, 40, ಕೆಲವೊಮ್ಮೆ ಶೇ 50ರಷ್ಟು ಹೆಚ್ಚುವರಿ. ಹಿಲ್ಟನ್‌ನಲ್ಲಿ ಎಷ್ಟೋ ಸಲ ಕೊಂಡಷ್ಟೇ ಕೊಸರು. ಮಾರಾಟದ ಪುಟದಲ್ಲಿ ಗಡಿಯಾರವೊಂದು ಉಳಿದ ಗಂಟೆಗಳನ್ನು ಎಣಿಸುತ್ತಿರುತ್ತದೆ. ಅದಕ್ಕೆ ಹೆದರಿ ಯಾರೂ ಕಾರ್ಡ್ ತೆಗೆಯಬೇಕಾಗಿಲ್ಲ. ಈ ಮಾರಾಟ ಮುಗಿದರೆ ಕೆಲವು ತಿಂಗಳಲ್ಲಿ ಇನ್ನೊಂದು ಬರುತ್ತದೆ.

ಡಾಲರನ್ನು ಲೆಕ್ಕದ ಅನುಕೂಲಕ್ಕೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ಕೊಂಡಷ್ಟೇ ಕೊಸರು ಸಿಕ್ಕಾಗ ಹಿಲ್ಟನ್ ಪಾಯಿಂಟ್ ಅರ್ಧ ಸೆಂಟಿಗೆ, ಅಂದರೆ 45 ಪೈಸೆಗೆ ಬಿತ್ತು. ಇಲ್ಲಿಗೆ ಲೆಕ್ಕ ನಿಲ್ಲಿಸುವವರೇ ಹೆಚ್ಚು. ಮುಂದಿನ ತಿಂಗಳ ಕಾರ್ಡ್ ಸ್ಟೇಟ್‌ಮೆಂಟ್ ತೆರೆದು ನೋಡಿ: ಡಾಲರ್ ಖರೀದಿಯ ಸಾಲಿನ ಕೆಳಗೆ ವಿದೇಶಿ ವಿನಿಮಯದ ಮಾರ್ಕಪ್ ಎಂದು ಇನ್ನೊಂದು ಸಾಲು, ಅದರ ಕೆಳಗೆ ಆ ಮಾರ್ಕಪ್ ಮೇಲಿನ ಜಿಎಸ್‌ಟಿ. ನಮ್ಮ ಬಹಳಷ್ಟು ಕಾರ್ಡುಗಳಲ್ಲಿ ಮಾರ್ಕಪ್ ಶೇ 3.5, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಒಟ್ಟು ಶೇ 4.13. ಪಾಯಿಂಟಿನ ನಿಜವಾದ ಬೆಲೆ ಸುಮಾರು 47 ಪೈಸೆ. ಶೇ 40 ಬೋನಸ್ ಇದ್ದಾಗ ಮ್ಯಾರಿಯೆಟ್ ಪಾಯಿಂಟಿಗೆ ಇದೇ ಲೆಕ್ಕದಲ್ಲಿ 84 ಪೈಸೆ. ಇನ್ನೊಂದು ವಿಷಯ: ಅನೇಕ ಕಂಪನಿಗಳ ಪಾಯಿಂಟ್ ಮಾರಾಟವನ್ನು ಹಿಂದೆ ನಿಂತು ನಡೆಸುವುದು ಪಾಯಿಂಟ್ಸ್ ಡಾಟ್ ಕಾಮ್ ಎಂಬ ಕೆನಡಾ ಮೂಲದ ಸಂಸ್ಥೆ. ಆಗ ಬ್ಯಾಂಕಿನ ಕಣ್ಣಿಗೆ ಅದು ಹೋಟೆಲ್ ಖರ್ಚೂ ಅಲ್ಲ, ವಿಮಾನದ ಖರ್ಚೂ ಅಲ್ಲ. ಪ್ರಯಾಣದ ಖರ್ಚಿಗೆ ಕಾರ್ಡ್ ಕೊಡುವ ಹೆಚ್ಚಿನ ರಿವಾರ್ಡ್ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ನನಗೆ ಒಪ್ಪಿಗೆಯಾದ ಒಂದು ಖರೀದಿ ಹೇಳುತ್ತೇನೆ. ಮಗನ ಘಟಿಕೋತ್ಸವಕ್ಕೆ ಅಮೆರಿಕದ ಒಂದು ವಿಶ್ವವಿದ್ಯಾಲಯದ ಊರಿಗೆ ಹೋಗಬೇಕಿತ್ತು. ಅಂಥ ವಾರಗಳಲ್ಲಿ ಆ ಊರುಗಳ ಹೋಟೆಲ್ ದರ ಮೇಲೇರಿರುತ್ತದೆ. ಕೊಠಡಿಗೆ ರಾತ್ರಿಗೆ 260 ಡಾಲರ್, ತೆರಿಗೆ ಸೇರಿ 294. ಐದು ರಾತ್ರಿಗೆ ಸುಮಾರು 1,32,000 ರೂಪಾಯಿ. ಅದೇ ಸಾಧಾರಣ ಕೊಠಡಿ ಪಾಯಿಂಟಿನಲ್ಲಿ ರಾತ್ರಿಗೆ 50,000. ಹಿಲ್ಟನ್‌ನಲ್ಲಿ ಸಿಲ್ವರ್ ಮತ್ತು ಅದಕ್ಕಿಂತ ಮೇಲಿನ ದರ್ಜೆಯವರು ಪಾಯಿಂಟಿನಲ್ಲೇ ಐದು ರಾತ್ರಿ ಕಾದಿರಿಸಿದರೆ ಐದನೆಯದಕ್ಕೆ ಪಾಯಿಂಟ್ ಇಲ್ಲ, ಹಾಗಾಗಿ ಒಟ್ಟು 2,00,000. ಖಾತೆಯಲ್ಲಿ 1,20,000 ಇತ್ತು. ಬೋನಸ್ ಇದ್ದಾಗ 40,000 ಕೊಂಡೆ, 80,000 ಬಂತು. ಕಾರ್ಡಿನಿಂದ ಹೋದದ್ದು 37,500 ರೂಪಾಯಿಯ ಆಸುಪಾಸು.

ಹಾಗಾದರೆ ಐದು ರಾತ್ರಿಗೆ 37,500 ಕೊಟ್ಟೆ ಎನ್ನಬಹುದೇ? ಕೂಡದು. ಖಾತೆಯಲ್ಲಿ ಮೊದಲೇ ಇದ್ದ ಪಾಯಿಂಟ್ ಪುಕ್ಕಟೆ ಅಲ್ಲ. ಅದನ್ನು ಇಲ್ಲಿ ಖರ್ಚು ಮಾಡಿದರೆ ಇನ್ನೊಂದು ಕಡೆ ಸಿಗುವುದಿಲ್ಲ. ಎಲ್ಲ 2,00,000 ಪಾಯಿಂಟಿಗೂ 47 ಪೈಸೆಯನ್ನೇ ಹಿಡಿದಾಗ 94,000 ರೂಪಾಯಿ ಆಯಿತು. 1,32,000ದ ಎದುರು 94,000. ಆ ಊರಲ್ಲಿ, ಆ ವಾರ ನಾವು ಹೇಗಿದ್ದರೂ ಉಳಿಯಲೇಬೇಕಿತ್ತು. ಆದ್ದರಿಂದ ಅದು ಕೈಯಲ್ಲಿ ಉಳಿದ ದುಡ್ಡು. ಅಮೆರಿಕದಲ್ಲಿ ಪಾಯಿಂಟಿನ ರಾತ್ರಿಗಳಿಗೆ ಕೊಠಡಿ ತೆರಿಗೆ ಬೀಳದೆ ಇದ್ದದ್ದೂ ಈ ಉಳಿತಾಯದಲ್ಲಿ ಸೇರಿದೆ.

ಇದೇ ಲೆಕ್ಕವನ್ನು ನಮ್ಮೂರಿಗೆ ತನ್ನಿ. ಬೆಂಗಳೂರಿನ ಹೋಟೆಲೊಂದರ ಕೊಠಡಿ 9,000 ರೂಪಾಯಿ. 7,500 ದಾಟಿದ್ದರಿಂದ ಶೇ 18 ಜಿಎಸ್‌ಟಿ ಸೇರಿ 10,620. ಅದಕ್ಕೆ 15,000 ಮ್ಯಾರಿಯೆಟ್ ಪಾಯಿಂಟ್ ಕೇಳುತ್ತಿದ್ದರೆ, 84 ಪೈಸೆಯಂತೆ 12,600. ಬೋನಸ್ ಇದ್ದೂ ನಷ್ಟ. ದುಡ್ಡು ಕೊಟ್ಟು ಉಳಿದರೆ ಹೊಸ ಪಾಯಿಂಟ್ ಬೇರೆ ಬರುತ್ತದೆ. ಭಾರತದ ಹೋಟೆಲುಗಳಿಗಾಗಿ ಪಾಯಿಂಟ್ ಕೊಳ್ಳುವ ಲೆಕ್ಕ ನನಗೆ ಅಪರೂಪಕ್ಕೆ ಕೂಡಿಬಂದಿದೆ. ಕೂಡಿಬರುವುದು ಮದುವೆ ಮುಹೂರ್ತಗಳ ವಾರ, ಹೊಸ ವರ್ಷದ ವಾರ ಇಂಥ ಸಮಯದಲ್ಲಿ. ಆದರೆ ಆಗ ಪಾಯಿಂಟಿನ ದರವೂ ಏರಿರುತ್ತದೆ, ಸಾಧಾರಣ ಕೊಠಡಿ ಮೊದಲೇ ಖಾಲಿಯಾಗಿರುತ್ತದೆ.

ವಿಮಾನದ ಮೈಲಿಯಲ್ಲಿ ಲೆಕ್ಕ ತಪ್ಪುವುದು ಬೇರೆ ಕಡೆ. ಅಮ್ಮನಿಗೆ ಮೊಣಕಾಲು ನೋವು, ಬೆಂಗಳೂರಿನಿಂದ ಯುರೋಪಿಗೆ ಅಷ್ಟು ಹೊತ್ತು ಕಾಲು ಮಡಚಿ ಕೂರಲಾರಳು. ಬಿಸಿನೆಸ್ ಕ್ಲಾಸ್ ಟಿಕೆಟ್ 2,40,000 ರೂಪಾಯಿ ಇತ್ತು. ಮೈಲಿ ಕೊಂಡು, ಮಾರ್ಕಪ್, ವಿಮಾನ ನಿಲ್ದಾಣದ ಶುಲ್ಕ ಎಲ್ಲ ಕೂಡಿಸಿದರೆ 1,03,500. ಸುಮಾರು 1,36,000 ಉಳಿಯಿತು ಎಂದು ಸಂಭ್ರಮಿಸುವುದು ಸುಲಭ. ನಿಜ ಏನೆಂದರೆ, 2,40,000 ಕೊಟ್ಟು ನಾನು ಆ ಟಿಕೆಟ್ ಎಂದೂ ತೆಗೆಯುತ್ತಿರಲಿಲ್ಲ. ಎಕಾನಮಿ ಟಿಕೆಟ್ 42,000 ಇತ್ತು. ಅಮ್ಮ ಮಲಗಿಕೊಂಡು ಹೋಗಲಿ ಎನ್ನುವುದಕ್ಕೆ ಅದರ ಮೇಲೆ 75,000ದವರೆಗೂ ಕೊಡಲು ಮನಸ್ಸು ಸಿದ್ಧವಿತ್ತು. ಅಂದರೆ ನನ್ನ ಪಾಲಿಗೆ ಆ ಸೀಟಿನ ಬೆಲೆ 1,17,000. ಲಾಭ 13,500. ಕೊಂಡೆ, ಸಂತೋಷದಿಂದಲೇ ಕೊಂಡೆ. ಆದರೆ ನನಗೆ ಒಬ್ಬಳಿಗೇ ಆಗಿದ್ದರೆ ಆ ಸುಖಕ್ಕೆ 75,000 ಕೊಡುತ್ತಿರಲಿಲ್ಲ, ಮೈಲಿಯನ್ನೂ ಕೊಳ್ಳುತ್ತಿರಲಿಲ್ಲ. ಜಾಹೀರಾತುಗಳು ಯಾವಾಗಲೂ 2,40,000ದ ಟಿಕೆಟನ್ನು ಮುಂದಿಟ್ಟು ಮಾತಾಡುತ್ತವೆ. ನೀವು ನಿಮ್ಮ ಕೈಯಿಂದ ನಿಜವಾಗಿ ಎಷ್ಟು ಕೊಡುತ್ತಿದ್ದಿರಿ ಎಂಬುದನ್ನು ಮುಂದಿಟ್ಟುಕೊಳ್ಳಿ.

ಕೂಡಿಡಲು ಕೊಳ್ಳಬಾರದು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪಾಯಿಂಟ್ ಹಗೇವಿನಲ್ಲಿಟ್ಟ ರಾಗಿಯಂತೆ ವರ್ಷಗಟ್ಟಲೆ ಕೆಡದೆ ಇರುವ ಸರಕಲ್ಲ. ಅದನ್ನು ಹುಟ್ಟಿಸುವವರೂ ಕಂಪನಿಯವರೇ, ಅದಕ್ಕೆ ಏನು ಸಿಗುತ್ತದೆ ಎಂದು ನಿರ್ಧರಿಸುವವರೂ ಅವರೇ. ಡೆಲ್ಟಾ ಏರ್‌ಲೈನ್ಸ್ 2015ರಲ್ಲಿ, ಹಿಲ್ಟನ್ 2017ರಲ್ಲಿ, ಯುನೈಟೆಡ್ ಏರ್‌ಲೈನ್ಸ್ 2019ರಲ್ಲಿ, ಮ್ಯಾರಿಯೆಟ್ 2022ರಲ್ಲಿ ನಿಗದಿತ ಪಾಯಿಂಟ್ ದರಪಟ್ಟಿಯನ್ನೇ ತೆಗೆದುಹಾಕಿದವು. ಅಲ್ಲಿಂದ ಮುಂದೆ ದರ ದಿನಕ್ಕೊಂದು. ಈ ವ್ಯಾಪಾರ ಎಷ್ಟು ದೊಡ್ಡದೆಂದರೆ, 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನೆಲ ಹಿಡಿದಾಗ ಡೆಲ್ಟಾ ತನ್ನ ಸ್ಕೈಮೈಲ್ಸ್ ಯೋಜನೆಯನ್ನು ಒತ್ತೆಯಿಟ್ಟು 900 ಕೋಟಿ ಡಾಲರ್ ಎತ್ತಿತು. ಮರುವರ್ಷ ಅಮೆರಿಕನ್ ಏರ್‌ಲೈನ್ಸ್ ಇದೇ ದಾರಿಯಲ್ಲಿ 1,000 ಕೋಟಿ ಡಾಲರ್ ಎತ್ತಿತು. ಬೆಂಗಳೂರಿನವರಿಗೆ ಇನ್ನೂ ಹತ್ತಿರದ ನೆನಪು ಕಿಂಗ್‌ಫಿಷರ್. 2012ರ ಅಕ್ಟೋಬರ್‌ನಲ್ಲಿ ಅದರ ಹಾರಾಟ ನಿಂತಿತು, ಕಿಂಗ್ ಕ್ಲಬ್‌ನಲ್ಲಿ ಮೈಲಿ ಕೂಡಿಸಿದ್ದವರಿಗೆ ಹಾರಲು ವಿಮಾನವೇ ಉಳಿಯಲಿಲ್ಲ. ಬ್ಯಾಂಕಿನ ಠೇವಣಿಗಾದರೆ 5,00,000 ರೂಪಾಯಿವರೆಗೆ ವಿಮೆ ಇದೆ, ಬಡ್ಡಿಯೂ ಬರುತ್ತದೆ. ಪಾಯಿಂಟಿಗೆ ಎರಡೂ ಇಲ್ಲ.

ಕೊಳ್ಳುವುದೆಂದು ನಿರ್ಧರಿಸಿದವರು ಖಾತೆಯಲ್ಲಿರುವ ಹೆಸರನ್ನು ಪಾಸ್‌ಪೋರ್ಟಿನ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಬೇಕು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದು ಪೂರ್ತಿ ಬಿಡಿಸಿಕೊಂಡಿರುತ್ತದೆ, ಕೆಲವರಿಗೆ ಉಪನಾಮದ ಜಾಗವೇ ಖಾಲಿ. ಖಾತೆಯ ಹೆಸರು ಕಾರ್ಡಿನ ಹೆಸರಿಗೂ ಹೊಂದದಿದ್ದರೆ ಖರೀದಿ ತಡೆಹಿಡಿಯಲ್ಪಡಬಹುದು, ಅಷ್ಟರಲ್ಲಿ ಸೀಟು ಬೇರೆಯವರ ಪಾಲಾಗುತ್ತದೆ. ಹೊಸ ಖಾತೆಗೆ ಕೂಡಲೇ ಪಾಯಿಂಟ್ ಮಾರದ ಯೋಜನೆಗಳೂ ಇವೆ, ಹಾಗಾಗಿ ಖಾತೆಯನ್ನು ಮೊದಲೇ ತೆರೆದಿಡಿ. ಕೊಂಡ ಪಾಯಿಂಟ್ ಜಮೆಯಾಗಲು ಕೆಲವೊಮ್ಮೆ ಒಂದೆರಡು ದಿನ ಹಿಡಿಯುತ್ತದೆ. ಒಮ್ಮೆ ಕೊಂಡದ್ದಕ್ಕೆ ದುಡ್ಡು ವಾಪಸ್ ಇಲ್ಲ.

ಲೆಕ್ಕವನ್ನೇ ಹಾಕದೆ ಕೊಳ್ಳಬಹುದಾದ ಸಂದರ್ಭವೂ ಒಂದಿದೆ. ಮ್ಯಾರಿಯೆಟ್, ಹಿಲ್ಟನ್ ಎರಡರಲ್ಲೂ 24 ತಿಂಗಳು ಖಾತೆಯಲ್ಲಿ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಇದ್ದಬದ್ದ ಪಾಯಿಂಟೆಲ್ಲ ಹೋಗುತ್ತದೆ. ಅವಧಿ ಮುಗಿಯುವ ಮುನ್ನ 1,000 ಪಾಯಿಂಟ್ ಕೊಂಡರೂ ಸಾಕು, ಅದೇ ಚಟುವಟಿಕೆಯಾಗಿ ಉಳಿದದ್ದೆಲ್ಲ ಬದುಕುತ್ತದೆ. ಸಿಂಗಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್‌ನಲ್ಲಿ ಮಾತ್ರ ಇದು ನಡೆಯದು. ಅಲ್ಲಿ ಗಳಿಸಿದ ಮೈಲಿಗೆ ಮೂರು ವರ್ಷದ ಆಯುಸ್ಸು. ಕಂಪನಿಯ ಕೆಲಸದ ಮೇಲೆ ಓಡಾಡಿದ ಕಾಲದ ಪಾಯಿಂಟ್‌ಗಳು ಎಷ್ಟೋ ಜನರ ಖಾತೆಯಲ್ಲಿ ಹಾಗೇ ಬಿದ್ದಿವೆ. ದಯವಿಟ್ಟು ಈ ವಾರ ಒಮ್ಮೆ ಲಾಗಿನ್ ಆಗಿ, ಅವಧಿ ಮುಗಿಯುವ ತಾರೀಕು ಯಾವುದೆಂದು ನೋಡಿ ಬರೆದಿಟ್ಟುಕೊಳ್ಳಿ.